ನೆಮ್ಮದಿಯ ಹೊಗಳಿಕೆ ಸಾಕು

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು. ಹಾವೇರಿ ಜಿಲ್ಲೆಯ ಈ ನಾಲ್ಕು ಊರುಗಳ ಬಗ್ಗೆ ಎಲ್ಲಿ ಮಾತು ಬಂದರೂ ಒಂದೇ ರಾಗ ಕೇಳುತ್ತೇನೆ. ಜಾತ್ರೆಗೆಂದು ಬೆಂಗಳೂರಿನಿಂದ ಬಂದವರು ಹೇಳುತ್ತಾರೆ, ವರ್ಗವಾಗಿ ಹೊರಟ ಅಧಿಕಾರಿ ಬೀಳ್ಕೊಡುಗೆ ಸಮಾರಂಭದಲ್ಲಿ ಹೇಳುತ್ತಾರೆ, ಮತ ಕೇಳಲು ಬಂದವರು ವೇದಿಕೆಯ ಮೇಲೆ ಹೇಳುತ್ತಾರೆ: "ಏನ ಅನ್ರಿ, ಇಲ್ಲಿ ಇರೂ ನೆಮ್ಮದಿ ದೊಡ್ಡ ಊರಾಗ ಇಲ್ಲ." ಅದರ ಬೆನ್ನಿಗೇ ದನಿ ತಗ್ಗಿಸಿ ಇನ್ನೊಂದು ಮಾತು ಬರುತ್ತದೆ: "ಆದ್ರ ಮಕ್ಕಳ ಮುಂದಿಂದೂ ನೋಡಬೇಕಲ್ರಿ."

ಈ ಎರಡು ಮಾತು ಸೇರಿ ಒಂದು ಲೆಕ್ಕದ ಪುಸ್ತಕವಾಗಿದೆ. ಜಮಾ ಬದಿಯಲ್ಲಿ ಒಳ್ಳೆಯ ಗಾಳಿ, ಕಡಿಮೆ ಬಾಡಿಗೆ, ಕರೆದರೆ ಓಡಿ ಬರುವ ನೆರೆಯವರು, ಗದ್ದಲವಿಲ್ಲದ ರಾತ್ರಿ. ಖರ್ಚಿನ ಬದಿಯಲ್ಲಿ ಆಸ್ಪತ್ರೆ ಇಲ್ಲ, ಒಳ್ಳೆಯ ಕಾಲೇಜಿಲ್ಲ, ಕೆಲಸವಿಲ್ಲ. ಎರಡನ್ನೂ ತೂಗಿ, "ಸಣ್ಣ ಊರು ಅಂದ್ರ ಇಷ್ಟರಿ, ಒಂದು ಸಿಗತೈತಿ, ಒಂದು ಹೋಗತೈತಿ" ಎಂದು ನಿಟ್ಟುಸಿರು ಬಿಟ್ಟರೆ ಚರ್ಚೆ ಮುಗಿಯಿತು. ಉಳಿಯುವವರು ಉಳಿದರು, ಹೋಗುವವರು ಹೋದರು.

ನನ್ನ ತಕರಾರು ಈ ತೂಗುವಿಕೆಯ ಮೇಲೇ. ಊರಿಗೆ ಯಾರೋ ಕೊಡದೆ ಉಳಿಸಿಕೊಂಡದ್ದನ್ನು ಊರಿನ ಗುಣ ಎಂದು ಬರೆದುಕೊಳ್ಳುವುದು ತಪ್ಪು. ಮಳೆ ಕಡಿಮೆ ಬೀಳುವುದು ಒಂದು ಪ್ರದೇಶದ ಗುಣವಾಗಬಹುದು. ರಾತ್ರಿ ಹೆರಿಗೆ ಮಾಡಿಸುವ ವೈದ್ಯರಿಲ್ಲದಿರುವುದು ಪ್ರದೇಶದ ಗುಣವಲ್ಲ, ಅದು ಒಂದು ಕಡತದ ಮೇಲೆ ಆಗದೆ ಉಳಿದ ಸಹಿ. ಹಾಗೆಯೇ ಊರಿನ ನೆಮ್ಮದಿ ಎಂದು ಹೊಗಳಿಸಿಕೊಳ್ಳುವುದರಲ್ಲಿ ಒಂದು ಪಾಲು, ಬಾಯಿ ಬಿಡಲಾಗದವರ ಮೌನ. ಜಮಾ ಬದಿಯೂ ಸುಳ್ಳು, ಖರ್ಚಿನ ಬದಿಯೂ ಸುಳ್ಳು. ಇಂಥ ಲೆಕ್ಕವನ್ನು ನಂಬಿಯೇ ಎರಡು ತಲೆಮಾರು ಈ ಊರುಗಳಲ್ಲಿ ಸುಮ್ಮನೆ ಕೂತಿವೆ.

ಮೊದಲು ಊರು ಸಣ್ಣದೆಂಬ ವಿಷಯ. 2011ರ ಜನಗಣತಿಯಲ್ಲಿ ಈ ನಾಲ್ಕು ಪಟ್ಟಣಗಳ ಜನಸಂಖ್ಯೆ ಒಟ್ಟು ಮಾಡಿದರೂ ಒಂದೂವರೆ ಲಕ್ಷ ದಾಟುವುದಿಲ್ಲ. ಇಷ್ಟು ಕಡಿಮೆ ಜನಕ್ಕೆ ದೊಡ್ಡ ಸೌಕರ್ಯ ಹೇಗೆ ಕೊಡುವುದು ಎಂದು ಕೇಳುವವರು ಈ ಅಂಕಿಯನ್ನೇ ಹಿಡಿಯುತ್ತಾರೆ. ಆದರೆ ಹಾನಗಲ್ಲಿನ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ನಿಂತು ನೋಡಿ. ಇಳಿಯುವವರು ಅಕ್ಕಿಆಲೂರಿನವರು, ತಿಳವಳ್ಳಿಯವರು, ಬಾಳಂಬೀಡದವರು. ತಹಶೀಲ್ದಾರ್ ಕಚೇರಿ, ಸಂತೆ, ಕಾಲೇಜು, ದವಾಖಾನೆ, ಬ್ಯಾಂಕು, ಗೊಬ್ಬರದ ಅಂಗಡಿ ಎಲ್ಲಕ್ಕೂ ತಾಲ್ಲೂಕಿನ ಎರಡು ಲಕ್ಷಕ್ಕೂ ಹೆಚ್ಚು ಜನರಿಗೆ ಈ ಒಂದು ಊರೇ ಗತಿ. ಜಿಲ್ಲೆಯ 15.97 ಲಕ್ಷ ಜನರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿ ಈ ನಾಲ್ಕು ತಾಲ್ಲೂಕುಗಳವರು (ಹಿರೇಕೆರೂರಿನಿಂದ ಮುಂದೆ ಬೇರೆಯಾದ ರಟ್ಟೀಹಳ್ಳಿಯೂ ಈ ಎಣಿಕೆಯಲ್ಲಿ ಸೇರಿದೆ). ಊರಿನ ಮನೆಗಳನ್ನು ಎಣಿಸಿ ಸೌಕರ್ಯ ಅಳೆಯುವುದು ಅನ್ಯಾಯ. ಆ ಊರಿನ ಮೇಲೆ ಒರಗಿ ನಿಂತ ಹಳ್ಳಿಗಳನ್ನು ಎಣಿಸಬೇಕು. ಹಾಗೆ ಎಣಿಸಿದರೆ ಈ ಊರುಗಳು ಸಣ್ಣವೇ ಅಲ್ಲ.

ಇನ್ನು ಸಣ್ಣ ಊರಿನಲ್ಲಿ ದೊಡ್ಡದು ಬೆಳೆಯುವುದಿಲ್ಲ ಎಂಬ ಮಾತು. ಈ ನೆಲದ ಚರಿತ್ರೆ ಬಲ್ಲವರು ಇದನ್ನು ಒಂದು ಗಳಿಗೆಯೂ ಒಪ್ಪುವಂತಿಲ್ಲ. ಶಿಗ್ಗಾವಿ ತಾಲ್ಲೂಕಿನ ಬಂಕಾಪುರ ಈಗ ಹೆದ್ದಾರಿಯ ಬಸ್ಸುಗಳು ಎರಡು ನಿಮಿಷ ನಿಲ್ಲುವ ಊರು. ಕ್ರಿ.ಶ. 898ರಲ್ಲಿ ಗುಣಭದ್ರರ ಉತ್ತರಪುರಾಣವನ್ನು ಅವರ ಶಿಷ್ಯ ಲೋಕಸೇನ ಪೂರ್ಣಗೊಳಿಸಿದ್ದು ಇಲ್ಲಿ. ಮುಂದಿನ ಶತಮಾನದಲ್ಲಿ ಅಜಿತಸೇನಾಚಾರ್ಯರು ಇಲ್ಲಿದ್ದರು. ಮುಧೋಳದ ಬಳೆಗಾರರ ಮನೆಯ ಹುಡುಗ ರನ್ನ ಅವರನ್ನು ಗುರುವಾಗಿ ಪಡೆದ. ಗಂಗರ ದೊರೆ ಮಾರಸಿಂಹ ಕೊನೆಗಾಲದಲ್ಲಿ ಸಲ್ಲೇಖನ ಕೈಗೊಂಡದ್ದು ಇದೇ ಗುರುವಿನ ಸನ್ನಿಧಿಯಲ್ಲಿ, ಇದೇ ಊರಲ್ಲಿ. ಅಂದು ಬೇರೆ ಸೀಮೆಯ ಹುಡುಗ ವಿದ್ಯೆಗಾಗಿ ಬಂಕಾಪುರದ ಗುರುವನ್ನು ಅರಸಿದ, ಇಂದು ಬಂಕಾಪುರದ ಹುಡುಗ ಧಾರವಾಡದಲ್ಲಿ ಕೋಣೆ ಹುಡುಕುತ್ತಾನೆ. ಊರಿನ ಗಾತ್ರ ಬದಲಾದದ್ದರಿಂದ ಹೀಗಾಗಲಿಲ್ಲ. ಗುರು, ಪೋಷಕ, ಪುಸ್ತಕ ಈ ಮೂರೂ ಊರು ಬಿಟ್ಟವು.

ಹಾನಗಲ್ ಕದಂಬರ ಒಂದು ಶಾಖೆಯ ರಾಜಧಾನಿಯಾಗಿತ್ತು, ತಾರಕೇಶ್ವರ ದೇವಾಲಯದ ಭುವನೇಶ್ವರಿಯಲ್ಲಿ ಅರಳಿದ ಕಲ್ಲಿನ ಕಮಲ ಆ ಕಾಲದ್ದು. ಸವಣೂರು 1948ರವರೆಗೂ ನವಾಬರ ಸಂಸ್ಥಾನ. ಅಲ್ಲಿ 1909ರಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಮುಂದೆ ಜ್ಞಾನಪೀಠ ಪಡೆದರು. 1980ರ ದಶಕದ ಆರಂಭದಲ್ಲಿ ಅವರ ವರದಿಯ ಹೆಸರಿನಲ್ಲೇ ಕನ್ನಡದ ಅತಿ ದೊಡ್ಡ ಚಳವಳಿ ನಡೆಯಿತು. ಅದರ ಮುಂಚೂಣಿಯಲ್ಲಿದ್ದ ಚಂಪಾ ಅದೇ ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನವರು. ಹಳೆಯ ವೈಭವ ಹೇಳಿ ಎದೆ ಉಬ್ಬಿಸಿಕೊಳ್ಳುವ ಚಾಳಿ ನನಗಿಲ್ಲ. "ಸಣ್ಣ ಊರು ಅಂದ್ರ ಇಷ್ಟ" ಎನ್ನುವವರಿಗೆ ಉತ್ತರವಾಗಿ ಮಾತ್ರ ಈ ಹೆಸರುಗಳನ್ನು ಮುಂದಿಡುತ್ತಿದ್ದೇನೆ.

ಇದಕ್ಕಿಂತ ಹತ್ತಿರದ, ಇನ್ನೂ ಸ್ಪಷ್ಟವಾದ ಸಾಕ್ಷಿ ಶಿಗ್ಗಾವಿಯ ನೆರೆಯ ಕುಂದಗೋಳದಲ್ಲಿದೆ. ಸವಾಯಿ ಗಂಧರ್ವರು ಹುಟ್ಟಿದ ಊರು ಅದು. ಭೀಮಸೇನ ಜೋಶಿ ಅಲ್ಲಿ ಅವರ ಮನೆಯಲ್ಲಿದ್ದು ಕಲಿತರು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡು ಮರಳುತ್ತಿದ್ದರು. ಹಿಂದೂಸ್ತಾನಿ ಸಂಗೀತದ ಇಬ್ಬರು ದಿಗ್ಗಜರನ್ನು ರೂಪಿಸಲು ಕುಂದಗೋಳಕ್ಕೆ ಲಕ್ಷಾಂತರ ಜನಸಂಖ್ಯೆ ಬೇಕಾಗಲಿಲ್ಲ. ಒಬ್ಬ ಗುರು ಬೇಕಾಯಿತು, ಆ ಗುರುವನ್ನೂ ಅವರ ವಿದ್ಯೆಯನ್ನೂ ಆದರಿಸಿದ ನಾಡಿಗೇರ ವಾಡೆ ಬೇಕಾಯಿತು, ಮತ್ತು ಒಂದು ರೈಲು ಬೇಕಾಯಿತು. ರೈಲಿನ ಮಾತನ್ನು ಒತ್ತಿ ಹೇಳುತ್ತೇನೆ. ಆ ಗಾಡಿ ಕುಂದಗೋಳದಲ್ಲಿ ನಿಲ್ಲದಿದ್ದರೆ ಮನೆ, ಮಕ್ಕಳು, ಬಡತನ ಎಲ್ಲವನ್ನೂ ಹೊತ್ತ ಒಬ್ಬ ಹೆಂಗಸು ಸಂಜೆ ಪಾಠ ಮುಗಿಸಿ ಮನೆ ಸೇರುವುದು ಆಗದ ಮಾತಾಗಿತ್ತು. ತಮ್ಮ ಹೆಸರಿನಲ್ಲೇ ಹಾನಗಲ್ಲನ್ನು ಹೊತ್ತು ಜಗತ್ತು ಸುತ್ತಿದರು ಆ ತಾಯಿ. ಹಾನಗಲ್ಲಿಗೆ ಮಾತ್ರ ರೈಲು ಬರಲಿಲ್ಲ. ಶಿಗ್ಗಾವಿ ಪಟ್ಟಣಕ್ಕಿಲ್ಲ, ಹಿರೇಕೆರೂರಿಗೂ ಇಲ್ಲ.

ಇದೇ ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಅಂಧ ಬಾಲಕ ಗದಿಗೆಯ್ಯ ಪಂಚಾಕ್ಷರಿ ಗವಾಯಿ ಆದದ್ದು ಹೇಗೆ? ಹಾನಗಲ್ ಕುಮಾರಸ್ವಾಮಿಗಳು ಆ ಮಗುವಿನ ಕಂಠ ಗುರುತಿಸಿ ಕಲಿಸುವ ವ್ಯವಸ್ಥೆ ಮಾಡಿದರು. ಅದೇ ತಾಲ್ಲೂಕಿನ ಇನ್ನೊಬ್ಬ ಅಂಧ ಮಗು ಪಂಚಾಕ್ಷರಿಗಳ ಕೈಯಲ್ಲಿ ಪುಟ್ಟರಾಜ ಗವಾಯಿ ಆಯಿತು. ಕುಮಾರಸ್ವಾಮಿಗಳು ಬಾದಾಮಿಯ ಬಳಿ ಶಿವಯೋಗಮಂದಿರ ಕಟ್ಟಿದ್ದು 1909ರಲ್ಲಿ. ಒಂದು ಸಣ್ಣ ಊರಿನ ವಿರಕ್ತಮಠದ ಸ್ವಾಮಿ, ಕೈಯಲ್ಲಿ ಜೋಳಿಗೆ ಹಿಡಿದು, ನಾಡಿಗೇ ಬೇಕಾದ ಸಂಸ್ಥೆ ಕಟ್ಟಿದರು. ನಮ್ಮ ಊರು ಸಣ್ಣದು, ಇಲ್ಲಿ ಏನಾದೀತು ಎಂದು ಅವರು ಕೂರಲಿಲ್ಲ.

ಈಗ ಆಸ್ಪತ್ರೆಗೆ ಬರುತ್ತೇನೆ, ಯಾಕೆಂದರೆ ನೆಮ್ಮದಿಯ ಮಾತು ಅತಿ ಹೆಚ್ಚು ಸುಳ್ಳಾಗುವುದು ಅಲ್ಲಿ.

"ಹುಬ್ಬಳ್ಳಿಗೆ ಒಯ್ರಿ." ಈ ತಾಲ್ಲೂಕುಗಳಲ್ಲಿ ಈ ಎರಡು ಪದ ಕೇಳದ ಮನೆ ಇಲ್ಲ. ತಾಲ್ಲೂಕು ಆಸ್ಪತ್ರೆಗೆ ಕಟ್ಟಡವಿದೆ, ಹಾಸಿಗೆಗಳಿವೆ, ಬಾಗಿಲಲ್ಲಿ ಉದ್ಘಾಟನೆಯ ಕಲ್ಲಿದೆ. ಆದರೆ ರಾತ್ರಿ ಎರಡು ಗಂಟೆಗೆ ಹೆರಿಗೆ ಬಿಗಡಾಯಿಸಿದರೆ ಪ್ರಸೂತಿ ತಜ್ಞರೊಬ್ಬರೇ ಸಾಲದು. ಅರಿವಳಿಕೆ ಕೊಡುವವರು ಬೇಕು, ಹುಟ್ಟಿದ ಕೂಸನ್ನು ನೋಡುವ ಮಕ್ಕಳ ವೈದ್ಯರು ಬೇಕು, ಹೊಂದುವ ರಕ್ತ ಕೈಗೆಟಕುವಲ್ಲಿರಬೇಕು. ನಾಲ್ಕರಲ್ಲಿ ಒಂದು ತಪ್ಪಿದರೂ ಉಳಿದ ಮೂರು ವ್ಯರ್ಥ. ಆಗ ದೊಡ್ಡಾಸ್ಪತ್ರೆಗೆ ಚೀಟಿ ಬರೆದು ಕಳಿಸುತ್ತಾರೆ. ಹಾನಗಲ್ಲಿನಿಂದ ಹುಬ್ಬಳ್ಳಿ ಸುಮಾರು 80 ಕಿಲೋಮೀಟರ್. ಹಿರೇಕೆರೂರಿನಿಂದ ದಾವಣಗೆರೆಯೋ ಶಿವಮೊಗ್ಗವೋ ಎಂದು ನಿರ್ಧರಿಸುವುದರಲ್ಲೇ ಹತ್ತು ನಿಮಿಷ ಹೋಗುತ್ತದೆ. ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು ಆರಂಭವಾದದ್ದು 1957ರಲ್ಲಿ. ಹಾವೇರಿಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದು ಮೊದಲ ತಂಡದ ವಿದ್ಯಾರ್ಥಿಗಳು ಸೇರಿದ್ದು 2022-23ರ ಸಾಲಿನಲ್ಲಿ. ನಡುವಿನ 65 ವರ್ಷ ಈ ಜಿಲ್ಲೆಯ ಹೆಣ್ಣುಮಕ್ಕಳು ಹೊಟ್ಟೆ ಹಿಡಿದುಕೊಂಡು ಆ ಹೆದ್ದಾರಿಯ ಮೇಲೆ ಸಾಗಿದರು. ಆ ದಾರಿಯಲ್ಲಿ ಬಂಕಾಪುರ ದಾಟುವಾಗ ಗಡಿಯಾರ ನೋಡಿದ ಗಂಡನನ್ನೋ ತಾಯಿಯನ್ನೋ ಕೇಳಿ ನೋಡಿ, ಸಣ್ಣ ಊರಿನ ನೆಮ್ಮದಿ ಹೇಗಿರುತ್ತದೆಂದು.

ದೊಡ್ಡ ಹೃದಯ ಶಸ್ತ್ರಚಿಕಿತ್ಸೆ ಪ್ರತಿ ತಾಲ್ಲೂಕಿನಲ್ಲೂ ಆಗಬೇಕೆಂದು ಬುದ್ಧಿ ಇರುವ ಯಾರೂ ಕೇಳುವುದಿಲ್ಲ. ಹೆರಿಗೆ, ಹಾವು ಕಡಿತ, ವಿಷ ಕುಡಿದವರ ಆರೈಕೆ, ಎದೆನೋವಿನ ಮೊದಲ ಒಂದು ಗಂಟೆಯ ಚಿಕಿತ್ಸೆ: ಹೊಲಮನೆಯ ನಾಡಿಗೆ ಇವು ನಿತ್ಯದ ಅಗತ್ಯಗಳು. ಎರಡು ಲಕ್ಷ ಜನ ಆತುಕೊಂಡಿರುವ ಊರಿನಲ್ಲಿ ಇವು ಹಗಲೂ ರಾತ್ರಿಯೂ ಇರಬೇಕು.

ಖರ್ಚು ಕಡಿಮೆ ಎಂಬ ಇನ್ನೊಂದು ಹೊಗಳಿಕೆ ಇದೆ. ಮನೆ ಬಾಡಿಗೆ ಕಡಿಮೆ, ಕಾಯಿಪಲ್ಯೆ ಅಗ್ಗ, ಸರಿ. ಆದರೆ ಮಗಳು ಧಾರವಾಡದಲ್ಲಿ ಪಿ.ಜಿ.ಯಲ್ಲಿದ್ದಾಳೆ, ಮಗ ಬೆಂಗಳೂರಿನಲ್ಲಿ ಮೂವರ ಜೊತೆ ಕೋಣೆ ಮಾಡಿದ್ದಾನೆ, ಅಪ್ಪನ ಡಯಾಲಿಸಿಸ್‌ಗೋ ಅವ್ವನ ಕಣ್ಣಿಗೋ ತಿಂಗಳು ತಿಂಗಳು ಹುಬ್ಬಳ್ಳಿ. ಒಂದು ಸಂಸಾರ ಮೂರು ಊರಲ್ಲಿ ಒಲೆ ಹಚ್ಚುತ್ತಿದೆ. ಒಂದು ಸಹಿಗಾಗಿ ಬಸ್ಸೇರಿ ಹೋದವನ ಆ ದಿನದ ಕೂಲಿ ಯಾವ ಪುಸ್ತಕದಲ್ಲೂ ಬರೆಯಲ್ಪಡುವುದಿಲ್ಲ. ಇಲ್ಲಿನ ಬದುಕು ಅಗ್ಗವೆಂದು ಹೇಳುವವರು ಸಾಮಾನ್ಯವಾಗಿ ಪಿಂಚಣಿ ಬರುವವರು, ಮಕ್ಕಳನ್ನು ದಡ ಸೇರಿಸಿ ಮುಗಿಸಿದವರು. ಹತ್ತು ಎಕರೆ ಮೆಕ್ಕೆಜೋಳದವನಿಗೂ ಇಲ್ಲಿ ಬದುಕು ಅಗ್ಗವಲ್ಲ. ಎರಡು ಎಕರೆಯವನ ಮಾತು ಬಿಡಿ.

ಬೆಳೆದದ್ದೆಲ್ಲ ಕಚ್ಚಾ ಮಾಲಾಗಿಯೇ ಊರು ಬಿಡುತ್ತದೆ ಎಂಬುದೂ ಈ ಬಡತನದ ಒಂದು ಕಾರಣ. ಹಿರೇಕೆರೂರಿನ ಮೆಕ್ಕೆಜೋಳ ಲಾರಿಯೇರುತ್ತದೆ, ಹಾನಗಲ್ಲಿನ ಮಾವು ಹೊರಗಿನ ವ್ಯಾಪಾರಿಯ ಬುಟ್ಟಿ ಸೇರುತ್ತದೆ. ಪಕ್ಕದ ಶಿರಸಿಯೂ ಮಹಾನಗರವೇನಲ್ಲ. ಅಲ್ಲಿನ ತೋಟಗಾರರು 1923ರಲ್ಲಿ ತಮ್ಮದೇ ಸಹಕಾರಿ ಮಾರಾಟ ಸಂಘ ಕಟ್ಟಿಕೊಂಡರು, ಅಡಿಕೆಯ ವ್ಯವಹಾರವನ್ನು ತಮ್ಮ ಊರಿನ ಕಟ್ಟಡದೊಳಗೇ ಇಟ್ಟುಕೊಂಡರು. ಸವಣೂರಿನ ಖಾರವೂ ವೀಳ್ಯದೆಲೆಯೂ ದೂರದೂರಿನಲ್ಲಿ ಹೆಸರು ಮಾಡಿದ್ದು ಕೆಲವೇ ಮನೆತನಗಳ ದುಡಿಮೆಯಿಂದ. ಅದರ ಬೆನ್ನಿಗೆ ನಿಲ್ಲುವ ಸಂಘ, ಸಾಲ, ಸಂಶೋಧನೆ ಇದ್ದಿದ್ದರೆ ಅಲ್ಲಿನ ಎಷ್ಟು ಹುಡುಗರು ಊರಲ್ಲೇ ಉಳಿಯುತ್ತಿದ್ದರು!

ಇಷ್ಟರವರೆಗೆ ಹಲವರು ನನ್ನೊಂದಿಗೆ ತಲೆದೂಗಿಯಾರು. ಮುಂದಿನ ಮಾತಿಗೆ ಸಿಟ್ಟಾಗಬಹುದು. ಸಣ್ಣ ಊರಿನಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು, ಒಬ್ಬರಿಗೊಬ್ಬರು ಆಗುತ್ತಾರೆ, ಅಲ್ಲಿ ಮನುಷ್ಯತ್ವ ಇನ್ನೂ ಉಳಿದಿದೆ ಎನ್ನುತ್ತಾರಲ್ಲ, ಅದನ್ನು ನಾನು ಸವಣೂರಿನ ಎದುರಿಗಿಟ್ಟು ನೋಡುತ್ತೇನೆ.

2010ರ ಜುಲೈ 20ರಂದು ಸವಣೂರು ಪುರಸಭೆಯ ಎದುರು ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ನಿಂತರು. ತಲೆಮಾರುಗಳಿಂದ ಆ ಊರಿನ ಪಾಯಖಾನೆ ಬಳಿದ ಕುಟುಂಬಗಳು ಅವು. ವಾಸವಿದ್ದ ಜಾಗದಿಂದ ಅವರನ್ನು ಎಬ್ಬಿಸುವ ಯತ್ನ ನಡೆದಿತ್ತು, ನೀರಿಗೂ ಕುತ್ತು ಬಂದಿತ್ತು. ಮನವಿ ಕೊಟ್ಟು ಸಾಕಾಗಿತ್ತು. ಕರ್ನಾಟಕದಲ್ಲಿ ಮಲ ಹೊರುವ ಪದ್ಧತಿಯನ್ನು ಸಚಿವ ಬಿ. ಬಸವಲಿಂಗಪ್ಪನವರು ನಿಷೇಧಿಸಿದ್ದು 1970ರ ದಶಕದಲ್ಲಿ. ಕೇಂದ್ರದ ಕಾಯ್ದೆ ಬಂದದ್ದು 1993ರಲ್ಲಿ. ಇಷ್ಟಾದ ಮೇಲೂ, ಎಲ್ಲರೂ ಎಲ್ಲರಿಗೂ ಗೊತ್ತಿರುವ ಒಂದು ಊರಿನಲ್ಲಿ, ಬೆರಳೆಣಿಕೆಯ ಕುಟುಂಬಗಳ ಕಷ್ಟ ಊರಿನ ಕಣ್ಣಿಗೆ ಬೀಳಲಿಲ್ಲ. ಅವರು ಮೈಮೇಲೆ ಮಲ ಸುರಿದುಕೊಂಡ ಮೇಲೆಯೇ ರಾಜ್ಯ ತಿರುಗಿ ನೋಡಿತು.

ಅದೇ ಸವಣೂರಿನ ಮಠದಲ್ಲಿ ದೊಡ್ಡಹುಣಸೆ ಎಂದು ಕರೆಯುವ ಮೂರು ಪುರಾತನ ಬೃಹತ್ ಮರಗಳಿವೆ. 2023ರ ಜುಲೈನಲ್ಲಿ ಮಳೆಗೆ ಅದರಲ್ಲೊಂದು ಉರುಳಿತು. ಜನ ಮರುಗಿದರು, ಯಂತ್ರಗಳನ್ನು ತರಿಸಿ ಅದನ್ನು ಮತ್ತೆ ಎತ್ತಿ ನೆಡಲಾಯಿತು. ಒಳ್ಳೆಯ ಕೆಲಸ, ಅದರ ಬಗ್ಗೆ ನನಗೆ ಗೌರವವಿದೆ. ಒಂದು ಮರಕ್ಕಾಗಿ ಹೀಗೆ ಕೂಡಿ ನಿಲ್ಲಬಲ್ಲ ಊರು, ತನ್ನ ಹೊಲಸು ಬಳಿದ ಮನುಷ್ಯರಿಗಾಗಿ 2010ರ ಆ ದಿನಕ್ಕೆ ಮೊದಲೇ ಕೂಡಿ ನಿಲ್ಲಬೇಕಿತ್ತು. ಒಬ್ಬರಿಗೊಬ್ಬರು ಆಗುವುದು ಸಣ್ಣ ಊರಿನ ಗುಣ ಎನ್ನುವವರು, ಯಾರಿಗೆ ಯಾರು ಆಗುತ್ತಾರೆ ಎಂಬುದನ್ನು ಓಣಿ ಓಣಿ ನೋಡಿ ಹೇಳಬೇಕು. ಒಂದು ಓಣಿಯ ಅಕ್ಕರೆ ಇನ್ನೊಂದು ಓಣಿಯ ಗಡಿಯಲ್ಲಿ ನಿಲ್ಲುತ್ತದೆ.

ಸಂವಿಧಾನ ಸಭೆಯಲ್ಲಿ 1948ರ ನವೆಂಬರ್ 4ರಂದು ಅಂಬೇಡ್ಕರರು ಹಳ್ಳಿಯ ವೈಭವೀಕರಣವನ್ನು ಕಟುವಾಗಿ ಖಂಡಿಸಿದಾಗ ಹಲವು ಸದಸ್ಯರು ನೊಂದುಕೊಂಡರು. ನೊಂದವರು ಹಳ್ಳಿಯನ್ನು ಪ್ರೀತಿಸುತ್ತಿದ್ದರು ಎಂಬುದು ನಿಜ. ಅಂಬೇಡ್ಕರರು ಅದನ್ನು ಅನುಭವಿಸಿದ್ದರು. ನಮ್ಮ ತಾಲ್ಲೂಕು ಊರುಗಳ ವಿಷಯದಲ್ಲೂ ಇಂದಿಗೂ ಇದೇ ವ್ಯತ್ಯಾಸ. ಪ್ರೀತಿಸಿ ಬರೆಯುವವರು ಒಬ್ಬರು, ಬಾಡಿಗೆ ಮನೆ ಕೇಳಿದಾಗ "ನೀವು ಯಾವ ಮಂದಿ?" ಎಂದು ಕೇಳಿಸಿಕೊಳ್ಳುವವರು ಇನ್ನೊಬ್ಬರು.

ಹುಡುಗಿಯರ ಮಾತೂ ಇದೇ. "ಯಾರ ಮಗಳು ಅಕಿ?" ಎಂಬ ಪ್ರಶ್ನೆ ದಾರಿ ತಪ್ಪಿದ ಮಗುವನ್ನು ಮನೆ ಸೇರಿಸಬಲ್ಲದು, ನಿಜ. ಹದಿನೆಂಟರ ಹುಡುಗಿ ಸಹಪಾಠಿಯ ಜೊತೆ ಪುಸ್ತಕದಂಗಡಿಯ ಮುಂದೆ ನಿಂತರೆ ಅದೇ ಪ್ರಶ್ನೆ ಅವಳಿಗಿಂತ ಮೊದಲೇ ಅವಳ ಮನೆ ಮುಟ್ಟುತ್ತದೆ, ಮರುವಾರ ವರ ನೋಡುವುದು ಶುರುವಾಗುತ್ತದೆ. ದೊಡ್ಡ ಊರಿಗೆ ಓಡುವ ಹುಡುಗಿಯರೆಲ್ಲ ಸಂಬಳಕ್ಕಾಗಿ ಓಡುವುದಿಲ್ಲ. ಯಾರ ಮಗಳೂ ಆಗಿರದೆ ಒಂದು ರಸ್ತೆಯಲ್ಲಿ ನಡೆಯುವ ಹಕ್ಕಿಗಾಗಿ ಹೋಗುವವರು ಎಷ್ಟೋ ಮಂದಿ. ಊರಿನವರು ಇದನ್ನು ಒಪ್ಪಿಕೊಳ್ಳದೆ, ಹುಡುಗಿಯರಿಗೆ ಸಿಟಿಯ ಹುಚ್ಚು ಎನ್ನುತ್ತಾರೆ.

ಈ ಸೀಮೆಯನ್ನು ಸಂತರ ನಾಡು ಎಂದು ಕರೆಯುತ್ತೇವೆ. ಬಾಡದ ಕನಕದಾಸರು, ಶಿಶುನಾಳದ ಷರೀಫರು ಶಿಗ್ಗಾವಿ ತಾಲ್ಲೂಕಿನವರು. ಸರ್ವಜ್ಞನನ್ನು ಅಬಲೂರು, ಮಾಸೂರುಗಳು ತಮ್ಮವನೆನ್ನುತ್ತವೆ, ಅದು ಹಳೆಯ ಹಿರೇಕೆರೂರು ತಾಲ್ಲೂಕು. ಈ ಮೂವರ ಹೆಸರಲ್ಲಿ ಪ್ರಾಧಿಕಾರ, ಸ್ಮಾರಕ, ಉತ್ಸವಗಳಿವೆ. ಬಾಡದಲ್ಲಿ ಕನಕರ ಅರಮನೆಯನ್ನೇ ಕಟ್ಟಿದ್ದೇವೆ. ಆದರೆ ಈ ಮೂವರೂ ಊರಿನ ನೆಮ್ಮದಿ ಕದಡಿದವರು. ಕನಕರು ಕುಲದ ಪ್ರಶ್ನೆ ಎತ್ತಿದರು. 1819ರಲ್ಲಿ ಹುಟ್ಟಿದ ಷರೀಫರು ಕಳಸದ ಗೋವಿಂದ ಭಟ್ಟರ ಶಿಷ್ಯರಾದಾಗ ಗುರು ಶಿಷ್ಯರಿಬ್ಬರೂ ತಮ್ಮ ತಮ್ಮವರ ಸಿಟ್ಟಿಗೆ ಗುರಿಯಾದರೆಂದು ಜನ ಇಂದಿಗೂ ನೆನೆಯುತ್ತಾರೆ. ಸರ್ವಜ್ಞನಂತೂ ಮನೆಯನ್ನೇ ಬಿಟ್ಟು ಊರೂರು ಅಲೆದ. ಅವರ ಜಯಂತಿಯ ಮೆರವಣಿಗೆ ಮಾಡಿ, ಅವರಂತೆ ಪ್ರಶ್ನೆ ಕೇಳುವ ಹುಡುಗನಿಗೆ "ಊರಾಗ ಇದ್ದು ಇದೆಲ್ಲಾ ನಡಿಯೂದಿಲ್ಲ" ಎಂದು ಬುದ್ಧಿ ಹೇಳಿದರೆ ನಾವು ಆ ಸಂತರಿಗೂ ಆ ಹುಡುಗನಿಗೂ ಒಟ್ಟಿಗೆ ದ್ರೋಹ ಮಾಡುತ್ತೇವೆ.

ಹಾಗಾದರೆ ಊರು ಬಿಡುವುದೇ ಸರಿಯೇ? ಅಲ್ಲ. ಊರು ಬಿಡಿ ಎನ್ನುವವರೂ ನೆಮ್ಮದಿ ಹೊಗಳುವವರೂ ಒಂದೇ ನಂಬಿಕೆಯವರು. ಊರು ಬದಲಾಗದು ಎಂಬುದು ಇಬ್ಬರ ಸಿದ್ಧಾಂತ. ಅದು ಎಷ್ಟು ಟೊಳ್ಳು ಎಂಬುದನ್ನು ಕಳೆದ ಮೂರು ದಶಕಗಳೇ ತೋರಿಸಿವೆ. 1997ರ ಆಗಸ್ಟ್ 24ಕ್ಕೆ ಮೊದಲು ಹಿರೇಕೆರೂರಿನ ರೈತ ಜಿಲ್ಲಾಧಿಕಾರಿಯನ್ನು ಕಾಣಲು ನೂರು ಕಿಲೋಮೀಟರಿಗೂ ಮೀರಿ ಧಾರವಾಡಕ್ಕೆ ಹೋಗಬೇಕಿತ್ತು. ಹಾವೇರಿ ಜಿಲ್ಲೆಯಾದ ದಿನ ಆ ದಾರಿ ಅರ್ಧಕ್ಕಿಳಿಯಿತು. ಊರು ಅಷ್ಟೇ ಇತ್ತು, ಬದಲಾದದ್ದು ಸರ್ಕಾರದ ಒಂದು ಆದೇಶ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತವಾಯಿತು. ಹಳ್ಳಿಯಿಂದ ಕಾಲೇಜಿಗೆ ಹೋಗುವ ಮಗಳ ಪಾಸಿನ ದುಡ್ಡು ಮನೆಯ ವಾದದಿಂದ ಹೊರಬಿತ್ತು. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಜಾನಪದ ವಿಶ್ವವಿದ್ಯಾಲಯ ಬಂತು. ಅದು ಬರಲು ಗೊಟಗೋಡಿ ಮೊದಲು ದೊಡ್ಡ ಊರಾಗಬೇಕಾಗಲಿಲ್ಲ. ಕೊಟ್ಟದ್ದನ್ನು ಕಸಿಯುವುದೂ ಅಷ್ಟೇ ಸಲೀಸು: ಹಾವೇರಿಗೊಂದು ವಿಶ್ವವಿದ್ಯಾಲಯ ಕೊಟ್ಟ ಕೆಲವೇ ವರ್ಷಗಳಲ್ಲಿ, 2025ರಲ್ಲಿ, ಮುಚ್ಚಬೇಕಾದ ಒಂಬತ್ತು ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಅದರ ಹೆಸರನ್ನೂ ಸಚಿವ ಸಂಪುಟದ ಉಪಸಮಿತಿ ಸೇರಿಸಿತು.

ರಾಜಕಾರಣ ಈ ಸತ್ಯವನ್ನು ಚೆನ್ನಾಗಿ ಬಲ್ಲದು. 2021ರ ಅಕ್ಟೋಬರಿನಲ್ಲಿ ಹಾನಗಲ್ ಉಪಚುನಾವಣೆ ಬಂದಾಗ ಸಚಿವರ ದಂಡೇ ಅಲ್ಲಿ ಬೀಡುಬಿಟ್ಟಿತ್ತು, ಪ್ರತಿಪಕ್ಷದ ನಾಯಕರೂ ಹಳ್ಳಿ ಹಳ್ಳಿ ತಿರುಗಿದರು. 2021ರ ಜುಲೈಯಿಂದ 2023ರ ಮೇವರೆಗೆ ಶಿಗ್ಗಾವಿಯ ಶಾಸಕ ಬಸವರಾಜ ಬೊಮ್ಮಾಯಿ ನಾಡಿನ ಮುಖ್ಯಮಂತ್ರಿಯಾಗಿದ್ದಾಗ ಶಿಗ್ಗಾವಿಯ ಕಡತಗಳಿಗೆ ಬೆಂಗಳೂರು ದೂರವಾಗಿರಲಿಲ್ಲ. 2024ರ ನವೆಂಬರಿನಲ್ಲಿ ಅಲ್ಲೂ ಉಪಚುನಾವಣೆ ಬಂತು, ಮತ್ತೆ ಅದೇ ದಂಡು. ಚುನಾವಣೆಯ ತಿಂಗಳಲ್ಲಿ ಕೊಡಬಹುದಾದದ್ದನ್ನು ಉಳಿದ ತಿಂಗಳುಗಳಲ್ಲೂ ಕೊಡಬಹುದು. ಒಂದು ಊರಿನ ಆಸ್ಪತ್ರೆಯ ಭಾಗ್ಯ ಅದರ ಶಾಸಕರ ಜಾತಕದ ಮೇಲೆ ನಿಲ್ಲುವುದು ಪ್ರಜಾಪ್ರಭುತ್ವಕ್ಕೆ ಅವಮಾನ.

ಈ ಊರುಗಳಲ್ಲಿ ಒಳ್ಳೆಯದೇನೂ ಇಲ್ಲವೆಂದು ನಾನು ಹೇಳುತ್ತಿಲ್ಲ, ಹೇಳಿದರೆ ಅದು ಸುಳ್ಳು. ಸತ್ತ ಮನೆಗೆ ಮೂರು ದಿನ ಓಣಿಯಿಂದ ರೊಟ್ಟಿ ಬರುತ್ತದೆ. ಉದ್ರಿ ಕೊಡುವ ಅಂಗಡಿಯವನು ಸುಗ್ಗಿಯವರೆಗೆ ಕಾಯುತ್ತಾನೆ. ಹಾನಗಲ್ ತಾಲ್ಲೂಕಿನ ಶೇಷಗಿರಿ ಎಂಬ ಹಳ್ಳಿಯ ಯುವಕರು ವರ್ಷಗಟ್ಟಲೆ ಬೆವರು ಸುರಿಸಿ ನಾಟಕ ಕಟ್ಟಿದ್ದಾರೆ, ಪಟ್ಟಣಗಳೂ ಕರುಬುವಂಥ ರಂಗಮಂದಿರ ಅಲ್ಲಿದೆ. 1949ರಲ್ಲಿ ಹೆಗ್ಗೋಡಿನಲ್ಲಿ ನೀನಾಸಮ್ ಹುಟ್ಟಿದಾಗಲೂ ಅದು ಅಡಿಕೆ ತೋಟಗಳ ನಡುವಿನ ಹಳ್ಳಿಯೇ. ಆದರೆ ರೊಟ್ಟಿ ತರುವ ಕೈ, ನಾಟಕ ಕಟ್ಟುವ ಕೈ, ಇವು ಊರು ಸಣ್ಣದಿರುವುದರಿಂದ ತಾವಾಗಿ ಮೂಡಿದವಲ್ಲ. ಅದು ಜನ ದಿನದಿನವೂ ಮಾಡಿದ ಕೆಲಸ. ಆ ಕೆಲಸವನ್ನು ತೋರಿಸಿ, ಸರ್ಕಾರ ಮಾಡಬೇಕಾದ ಕೆಲಸ ಬೇಡವೆನ್ನುವಂತಿಲ್ಲ. ನೆರೆಯವಳು ರೊಟ್ಟಿ ತಂದಾಳು, ಅರಿವಳಿಕೆ ತಜ್ಞರನ್ನು ತರಲಾರಳು.

ಅಪ್-ಡೌನ್ ಮಾಡುವವರಿಗೂ ಒಂದು ಮಾತು. ಬೆಳಿಗ್ಗೆ ಹುಬ್ಬಳ್ಳಿಯಿಂದಲೋ ಹಾವೇರಿಯಿಂದಲೋ ಬಂದು ಸಂಜೆಯ ಬಸ್ಸಿಗೆ ಮರಳುವ ನೌಕರರು ಈ ಊರುಗಳ ನೆಮ್ಮದಿಯನ್ನು ಬಹಳ ಹೊಗಳುತ್ತಾರೆ. ಅವರಲ್ಲಿ ಒಳ್ಳೆಯ ಶಿಕ್ಷಕರಿದ್ದಾರೆ, ಒಳ್ಳೆಯ ವೈದ್ಯರಿದ್ದಾರೆ. ತಮ್ಮ ಮಕ್ಕಳನ್ನು ಅವರೇಕೆ ಇಲ್ಲಿ ಬೆಳೆಸುವುದಿಲ್ಲ ಎಂಬುದು ನನಗೆ ಅರ್ಥವಾಗುತ್ತದೆ, ಅವರನ್ನು ದೂರುವುದಿಲ್ಲ. ಆದರೆ ಆ ಕಾರಣವನ್ನು ಅವರು ಗಟ್ಟಿಯಾಗಿ ಹೇಳಬೇಕು. ತಾವು ಇಲ್ಲಿ ಸಂಸಾರ ಹೂಡಲು ಏನೇನು ಬೇಕೆಂದು ಇಲಾಖೆಗೆ ಬರೆದು ಕೊಟ್ಟರೆ ಅದೇ ಈ ಊರುಗಳ ಅತ್ಯುತ್ತಮ ಅಭಿವೃದ್ಧಿ ಯೋಜನೆಯಾದೀತು.

ಇನ್ನೊಂದು ಕೊರತೆಯ ಬಗ್ಗೆ ಊರಿನಲ್ಲಿ ಯಾರೂ ಮಾತಾಡಲಿಲ್ಲ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ ಕರ್ನಾಟಕದಲ್ಲಿ 2016ರಲ್ಲಿ ಚುನಾವಣೆ ನಡೆಯಿತು, ಆ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ, ಅಧಿಕಾರ ಆಡಳಿತಾಧಿಕಾರಿಗಳ ಕೈಯಲ್ಲಿ ಉಳಿಯಿತು. ಬೇರೆ ಬೇರೆ ಪಕ್ಷಗಳ ಸರ್ಕಾರಗಳು ಬಂದು ಹೋದವು, ಈ ವಿಷಯದಲ್ಲಿ ಎಲ್ಲರ ನಡೆ ಒಂದೇ. ತಾಲ್ಲೂಕಿನ ದವಾಖಾನೆ, ಶಾಲೆ, ಹಾಸ್ಟೆಲ್ಲುಗಳ ಬಗ್ಗೆ ಪ್ರಶ್ನೆ ಕೇಳಲು ಜನ ಆರಿಸಿದ ಒಬ್ಬ ಪ್ರತಿನಿಧಿಯೂ ತಾಲ್ಲೂಕಿನ ಸಭೆಯಲ್ಲಿರಲಿಲ್ಲ. ನಾವು ಅದನ್ನೂ ನೆಮ್ಮದಿಯಿಂದ ಸಹಿಸಿದೆವು.

ಆದ್ದರಿಂದ ಈ ನಾಲ್ಕು ಊರುಗಳವರಲ್ಲಿ, ಊರು ಬಿಟ್ಟು ಹೋಗಿ ಇಂದಿಗೂ ಇದನ್ನು ನಮ್ಮೂರು ಎನ್ನುವವರಲ್ಲಿ ನನ್ನ ಕೋರಿಕೆ ಇಷ್ಟು. ಆಸ್ತಿ ತೆರಿಗೆಯ ಮೇಲೆ ನಾವು ಶೇ 6ರಷ್ಟು ಗ್ರಂಥಾಲಯ ಕರ ಕೊಡುತ್ತೇವೆ. ಆ ಹಣ ಎಲ್ಲಿ ಹೋಯಿತೆಂದು ಪುರಸಭೆ, ಪಟ್ಟಣ ಪಂಚಾಯಿತಿಗಳಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಜೂರಾದ ತಜ್ಞರ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು, ರಾತ್ರಿ ಹೊತ್ತು ಇರುವವರು ಎಷ್ಟು ಎಂಬ ಪಟ್ಟಿಯನ್ನು ಬರಹದಲ್ಲಿ ಪಡೆದು ಬಸ್ ನಿಲ್ದಾಣದಲ್ಲಿ ಅಂಟಿಸಿ. ಪೌರಕಾರ್ಮಿಕರ ಕೇರಿಗೆ ಒಮ್ಮೆ ಹೋಗಿ, ಅಲ್ಲಿ ಮನೆಯ ಹಕ್ಕುಪತ್ರ ಯಾರಿಗೆ ಸಿಕ್ಕಿದೆ, ಯಾರಿಗಿಲ್ಲ ಎಂದು ಕೇಳಿ ಬರೆದುಕೊಂಡು ಬನ್ನಿ. ತಾಲ್ಲೂಕು ಪಂಚಾಯಿತಿ ಚುನಾವಣೆಗೆ ಮತ ಕೇಳಲು ಬಂದವರು ಊರಿನ ನೆಮ್ಮದಿಯನ್ನು ಹೊಗಳಲು ತೊಡಗಿದರೆ ಅಲ್ಲೇ ತಡೆಯಿರಿ, ಈ ಮೂರು ಕಾಗದಗಳನ್ನು ಅವರ ಮುಂದಿಡಿ.